ಮೂರನೆಯ ಲಕ್ಷಣ

ಡಾಕ್ಟರಮ್ಮನವರಿಗೆ,

ಆಗ ನಿಮ್ಮನ್ನು ‘ನೀನು’ ಎನ್ನುತ್ತಿದ್ದೆ. ನೀವು ಕೆಲಸಕ್ಕೆ ಸೇರಿದ ಮೂರನೇ ದಿನವೇ ಅದು ನನ್ನ ಬಾಯಿಗೆ ಬಂದಿತ್ತು, ನೀವೂ ಬೇಸರ ಮಾಡಿಕೊಳ್ಳಲಿಲ್ಲ. ಈಗ ಈ ಕಾಗದವನ್ನು ಎರಡು ಸಲ ‘ನೀನು’ ಎಂದು ಶುರು ಮಾಡಿ ಎರಡು ಸಲವೂ ಹರಿದೆ. ಆ ಸಲಿಗೆಯನ್ನು ಕೈಯಾರೆ ಕಳೆದುಕೊಂಡವನು ನಾನು. ಹಾಗಾಗಿ ಬಹುವಚನದಲ್ಲೇ ಬರೆಯುತ್ತೇನೆ.

ಬರೆಯಬೇಕಾಗಿರುವುದು ಆ ಕ್ಷೌರದಂಗಡಿಯವನ ಗಡ್ಡೆಯ ವಿಷಯ. ನಿಮಗೆ ಗೊತ್ತಿರುವುದು ಅದರಲ್ಲಿ ಅರ್ಧ. ಉಳಿದರ್ಧ ನಿಮ್ಮ ಬೆನ್ನ ಹಿಂದೆ ನಡೆದದ್ದು, ಅದನ್ನು ಹೇಳದೆ ಕ್ಷಮೆ ಕೇಳಿದರೆ ಬರೀ ಶಿಷ್ಟಾಚಾರವಾಗುತ್ತದೆ. ನಿಮಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ, ಸಹಿಸಿಕೊಳ್ಳಿ. ಮೊದಲಿನಿಂದ ಹೇಳಿಕೊಂಡು ಬಂದರೆ ಮಾತ್ರ ನಡುವೆ ನಾನು ನುಣುಚಿಕೊಳ್ಳದೆ ಇರಬಲ್ಲೆ.

ಅವನ ಅಂಗಡಿ ನಮ್ಮ ಆಸ್ಪತ್ರೆಯಿಂದ ಎರಡು ಬೀದಿ ಆಚೆ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಹತ್ತೊಂಬತ್ತು ವರ್ಷಗಳಿಂದ ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ನನ್ನ ತಲೆ ಅವನ ಕೈಯಲ್ಲಿರುತ್ತಿತ್ತು. ನಾವು ಪೆಥಾಲಜಿಯವರು ರೋಗಿಯ ಮುಖ ಕಾಣದ ಡಾಕ್ಟರುಗಳು. ನಮ್ಮ ಮೇಜಿಗೆ ಬರುವುದು ಒಂದು ತುಂಡು, ಅದರ ಮೇಲೊಂದು ನಂಬರು. ಮೂವತ್ತೈದು ವರ್ಷದ ಕೆಲಸದಲ್ಲಿ, ಯಾರ ಬೆರಳಿನ ತಣ್ಣನೆಯ ಸ್ಪರ್ಶ ನನ್ನ ಕತ್ತಿಗೆ ಗೊತ್ತಿತ್ತೋ ಅಂಥ ಮನುಷ್ಯನ ಅಂಗ ನನ್ನ ಮೇಜಿಗೆ ಬಂದದ್ದು ಅದೊಂದೇ ಸಲ.

ಆ ವರ್ಷ ಅವನ ಮುಖ ದುಂಡಗಾಗುತ್ತಾ ಬಂತು. ಕೆನ್ನೆ ಕೆಂಪೇರಿತು, ಕತ್ತಿನ ಹಿಂದೆ ಕೊಬ್ಬು ಕೂತಿತು, ಹೊಟ್ಟೆ ಮುಂದೆ ಬಂತು, ಕೈಕಾಲು ಮಾತ್ರ ಕಡ್ಡಿಯಾದವು. ಎರಡು ತಲೆ ಮುಗಿಸುವಷ್ಟರಲ್ಲಿ ಭುಜ ಸೋತು ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದ. ನೀವಾಗಿದ್ದರೆ ಅಂಗಡಿಯ ಬಾಗಿಲಲ್ಲೇ ಹೇಳುತ್ತಿದ್ದಿರಿ, ಇದು ಅಡ್ರಿನಲ್ ಗ್ರಂಥಿಯ ಕೆಲಸ ಅಂತ. ಕನ್ನಡಿಯಲ್ಲಿ ಅದನ್ನೆಲ್ಲ ತಿಂಗಳುಗಟ್ಟಲೆ ನೋಡಿದ ನಾನು ಅಂದದ್ದು ಇಷ್ಟು: “ಮನೆಯವರ ಕೈರುಚಿ ಈಚೆಗೆ ಜೋರಾಗಿರೋ ಹಾಗಿದೆ.” ಅವನು ನಕ್ಕ. ನಾನೂ ನಕ್ಕೆ. ಆಮೇಲೆ ಮೂರು ಬಗೆಯ ಮಾತ್ರೆ ನುಂಗಿದರೂ ರಕ್ತದೊತ್ತಡ ಇಳಿಯದಿದ್ದಾಗ ಮೂಲೆಯ ಕ್ಲಿನಿಕ್ಕಿನ ಡಾಕ್ಟರು ಸ್ಕ್ಯಾನ್ ಬರೆದುಕೊಟ್ಟರು. ಎಡ ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂರುವ ಆ ಪುಟ್ಟ ಗ್ರಂಥಿಯಲ್ಲಿ ಕಿತ್ತಳೆ ಗಾತ್ರದ ಗಡ್ಡೆ ಇತ್ತು.

ಆಪರೇಷನ್ನಿಗೆ ಮುಂಚಿನ ಭಾನುವಾರ ಅವನು ಕತ್ತರಿ ಕೆಳಗಿಟ್ಟು, ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತಾ ಕೇಳಿದ: “ಡಾಕ್ಟ್ರೇ, ತೆಗೆದ ಮೇಲೆ ಅದನ್ನ ನೋಡೋರು ನೀವೇನಾ?”

“ನಾನೇ.”

“ಹಾಗಾದ್ರೆ ನನಗೆ ಧೈರ್ಯ. ಬೇರೆ ಯಾರ ಕೈಗೂ ಕೊಡಬೇಡಿ.”

ಆಗ ಹೂಂ ಅಂದೆ. ನನ್ನ ತಪ್ಪು ಶುರುವಾದದ್ದು ಆ ಹೂಂನಿಂದ ಎಂದು ಈಗ ಅನಿಸುತ್ತದೆ. ಗೊತ್ತಿರುವವರ ತುಂಡನ್ನು ಇನ್ನೊಬ್ಬರಿಗೆ ತೋರಿಸದೆ ವರದಿ ಬರೆಯಬಾರದು ಎಂದು ನಿಮಗೆಲ್ಲ ಪಾಠ ಮಾಡಿದವನು ನಾನೇ.

ಗಡ್ಡೆ ಬಂದದ್ದು ಗುರುವಾರ. ನೀವು ನಿಮ್ಮ ತಾಯಿಯ ಕಣ್ಣಿನ ಆಪರೇಷನ್ ಅಂತ ರಜೆಯಲ್ಲಿದ್ದಿರಿ. ತೂಕ ಇನ್ನೂರ ಹತ್ತು ಗ್ರಾಂ, ಅಡ್ಡಳತೆ ಒಂಬತ್ತು ಸೆಂಟಿಮೀಟರ್. ಅಷ್ಟಕ್ಕೇ ಎದೆ ಝಲ್ಲೆನ್ನಬೇಕಿತ್ತು. ಕೊಯ್ದರೆ ಒಳಗೆ ಹೆಚ್ಚುಪಾಲು ಹಳದಿ, ಸಾದಾ ಗಡ್ಡೆಗಳು ಇರುವ ಹಾಗೆ. ಒಂದು ಮಗ್ಗುಲಲ್ಲಿ ಮಾತ್ರ ಕಂದು, ಬೂದು ಮಚ್ಚೆಗಳು. ಗಡ್ಡೆ ಎಷ್ಟು ಸೆಂಟಿಮೀಟರ್ ಇದೆಯೋ ಕಡೇಪಕ್ಷ ಅಷ್ಟು ತುಂಡು ತೆಗೆಯಬೇಕು. ನಾನು ತೆಗೆದದ್ದು ಐದು. ಆ ದಿನ ಮೇಜಿನ ಮೇಲೆ ಇನ್ನೂ ಹದಿನಾಲ್ಕು ಡಬ್ಬಿಗಳಿದ್ದವು ಎಂಬುದು ನಿಜ. ಆದರೆ ಅದು ಕಾರಣವಲ್ಲ. ಹಳದಿ ಕಂಡ ಕೂಡಲೇ ನನ್ನೊಳಗೆ ಏನೋ ನಿರಾಳವಾಗಿಬಿಟ್ಟಿತ್ತು, ಕೈ ತಾನಾಗಿ ಹಳದಿಯ ಕಡೆಗೇ ಹೋಯಿತು. ಕಂದು ಭಾಗದಿಂದ ಒಂದೇ ಒಂದು ತುಂಡು ತೆಗೆದು, ಉಳಿದದ್ದನ್ನು ಕೊಳೆಯದಂತೆ ಕಾಯುವ ಫಾರ್ಮಲಿನ್ ಜಾಡಿಗೆ ಹಾಕಿ ಕಪಾಟಿಗೆ ಸೇರಿಸಿದೆ.

ಶನಿವಾರ ಸ್ಲೈಡುಗಳು ಬಂದವು. ಅಡ್ರಿನಲ್ ಗಡ್ಡೆಯ ಮುಂದೆ ಕೂರುವುದು ಎಂಥ ಶಿಕ್ಷೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೇರೆ ಎಷ್ಟೋ ಕ್ಯಾನ್ಸರುಗಳು ನೋಡಿದ ಕೂಡಲೇ ತಮ್ಮ ಹೆಸರು ಹೇಳಿಬಿಡುತ್ತವೆ. ಇದು ಹೇಳುವುದಿಲ್ಲ. ಸಾದಾ ಗಡ್ಡೆಯಲ್ಲೂ ವಿಕಾರವಾದ ಕೋಶಗಳಿರುತ್ತವೆ, ಕ್ಯಾನ್ಸರಿನಲ್ಲೂ ಸಾಧುವಾಗಿ ಸಾಲುಗಟ್ಟಿ ನಿಂತ ಕೋಶಗಳಿರುತ್ತವೆ. ಅದಕ್ಕೇ ಒಂಬತ್ತು ಲಕ್ಷಣಗಳ ಪಟ್ಟಿ ಹಿಡಿದು ಕೂರುತ್ತೇವೆ. ಎರಡು ಸಿಕ್ಕರೆ ಸಾದಾ, ಮೂರು ಸಿಕ್ಕರೆ ಕ್ಯಾನ್ಸರ್. ಎರಡಕ್ಕೂ ಮೂರಕ್ಕೂ ನಡುವೆ ಒಬ್ಬ ಮನುಷ್ಯನ ಆಯುಷ್ಯ ಇರುತ್ತದೆ.

ಎರಡು ಲಕ್ಷಣ ಸುಲಭವಾಗಿ ಸಿಕ್ಕವು. ಕೊಬ್ಬು ತುಂಬಿದ ತಿಳಿ ಕೋಶಗಳು ಕಾಲುಭಾಗಕ್ಕಿಂತ ಕಡಿಮೆ ಇದ್ದವು. ಕೋಶಗಳ ಜೋಡಣೆ ಕೆಟ್ಟು, ಹೆಚ್ಚಿನ ಕಡೆ ಗುಂಪು ಸೇರಿದ ಜನರ ಹಾಗಾಗಿತ್ತು. ಮೂರನೆಯದಕ್ಕೆ ಇಬ್ಭಾಗವಾಗುತ್ತಿರುವ ಕೋಶಗಳನ್ನು ಎಣಿಸಬೇಕು. ದೊಡ್ಡದು ಮಾಡಿ ನೋಡುವ ಮಸೂರದ ಕೆಳಗೆ ಕಣ್ಣಿಗೆ ಕಾಣುವ ವೃತ್ತದಷ್ಟು ಜಾಗಗಳನ್ನು ಐವತ್ತು ನೋಡಿ ಐದಕ್ಕಿಂತ ಹೆಚ್ಚು ಸಿಕ್ಕರೆ ಆ ಲಕ್ಷಣ ಇದೆ ಎಂದರ್ಥ. ಸಾಯುತ್ತಿರುವ ಕೋಶವೂ ಕಪ್ಪಾಗಿ ಮುದುಡಿಕೊಳ್ಳುತ್ತದೆ, ಇಬ್ಭಾಗವಾಗುವ ಕೋಶವೂ ಕಪ್ಪಾಗಿಯೇ ಕಾಣುತ್ತದೆ. ಅನುಮಾನ ಬಂದದ್ದನ್ನೆಲ್ಲ ನಾನು ಸಾಯುತ್ತಿರುವುದರ ಕಡೆ ಹಾಕಿದೆ. ಎಣಿಸಿದ ಜಾಗವೂ ಶಾಂತವಾದ ಜಾಗ. ನಾಲ್ಕು ಸಿಕ್ಕವು. ನಾಲ್ಕು ಅಂತ ಬರೆದೆ.

ಸೋಮವಾರ ವರದಿಗೆ ಸಹಿ ಹಾಕಿ, ಅದು ಸರ್ಜನ್ ಕೈ ಸೇರುವ ಮೊದಲೇ ನಾನೇ ವಾರ್ಡಿಗೆ ಹೋದೆ. ಅವತ್ತು ಬಿಟ್ಟರೆ ಮೂವತ್ತೈದು ವರ್ಷದಲ್ಲಿ ನಾನು ವರದಿ ಹಿಡಿದು ವಾರ್ಡಿಗೆ ಹೋದದ್ದೇ ಇಲ್ಲ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೆಂಡತಿ ಮಂಚದ ಕಾಲ ಬಳಿ ಕೂತು ಅವನ ಪಾದ ಒತ್ತುತ್ತಿದ್ದಳು. “ಏನೂ ಇಲ್ಲ. ಸಾದಾ ಗಡ್ಡೆ. ತೆಗೆದಾಯ್ತು, ಮುಗೀತು” ಎಂದೆ. ಆ ಹೆಣ್ಣುಮಗಳು ಪಾದ ಒತ್ತುವುದನ್ನು ನಿಲ್ಲಿಸಿ ಅದೇ ಪಾದದ ಮೇಲೆ ಹಣೆ ಇಟ್ಟು ಅತ್ತಳು. ಒಳ್ಳೆಯ ಸುದ್ದಿ ಹೇಳುವ ಸುಖ ಅಂದರೆ ಏನೆಂದು ನನಗೆ ಮೊದಲ ಸಲ ಗೊತ್ತಾದದ್ದು ಆ ಸೋಮವಾರ. ಮೆಟ್ಟಿಲಿಳಿಯುವಾಗ ನನ್ನ ಹೆಜ್ಜೆ ಹಗುರಾಗಿತ್ತು.

ಮಂಗಳವಾರ ನೀವು ಬಂದಿರಿ.

ಸರ್ಜನ್‌ಗಳ ಜೊತೆ ಕೇಸು ಚರ್ಚಿಸುವ ಬುಧವಾರದ ಸಭೆಗೆ ಚಿತ್ರ ತೆಗೆಯಲು ಆ ಸ್ಲೈಡುಗಳನ್ನು ತೆಗೆದುಕೊಂಡಿರಿ. ಹನ್ನೊಂದು ಗಂಟೆಗೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, “ಸರ್, ಒಂದು ನಿಮಿಷ ಬಿಡುವಿದ್ದರೆ, ಆ ಅಡ್ರಿನಲ್ ಕೇಸು... ಇಬ್ಭಾಗವಾಗೋ ಕೋಶ ನನಗೆ ಏಳು ಸಿಗ್ತಿದೆ” ಎಂದಿರಿ. ನನ್ನ ಎದುರು ಇಬ್ಬರು ಕಲಿಯುವ ಡಾಕ್ಟರುಗಳು ಕೂತಿದ್ದರು, ಮೇಣದಕ್ಕ ಹೊಸ ಸ್ಲೈಡಿನ ತಟ್ಟೆ ಹಿಡಿದು ನಿಂತಿದ್ದಳು. ಮೂವತ್ತು ವರ್ಷ ಮೇಣದ ಅಚ್ಚಿನಿಂದ ಕೂದಲೆಳೆಗಿಂತ ತೆಳುವಾದ ಪದರ ಕತ್ತರಿಸಿದ ಆ ಹೆಂಗಸಿಗೆ ಎಲ್ಲ ಗೊತ್ತಾಗುತ್ತಿತ್ತು. ತಟ್ಟೆ ಇಟ್ಟು ಹೊರಟವಳು ಹೋಗಲಿಲ್ಲ.

ಏನಂದೆ ಅಂತ ನೀವು ಮರೆತಿರಲಾರಿರಿ, ನಾನೂ ಮರೆತಿಲ್ಲ. “ಬೇಕು ಅಂತ ಹುಡುಕಿದರೆ ಗೋಡೆಯ ಮೇಲೂ ಕ್ಯಾನ್ಸರ್ ಸಿಗುತ್ತೆ. ನಿನ್ನ ಹೆದರಿಕೆಗೆಲ್ಲ ನಾನು ವರದಿ ತಿದ್ದೋಕಾಗಲ್ಲ. ಮೈಕ್ರೊಸ್ಕೋಪಿನ ಮುಂದೆ ಕೂರೋಕೆ ಎದೆಗಾರಿಕೆ ಬೇಕು, ಇಲ್ಲದವರು ರಕ್ತ ಪರೀಕ್ಷೆ ಮಾಡಿಕೊಂಡಿರಬೇಕು.” ಕಲಿಯುವವರಲ್ಲಿ ಒಬ್ಬ ನಕ್ಕ. ನೀವು ನಗಲಿಲ್ಲ, ತಲೆ ತಗ್ಗಿಸಲೂ ಇಲ್ಲ.

“ಹೆದರಿಕೆ ಇಲ್ಲ, ಸರ್. ಏಳು ಇವೆ” ಎಂದಿರಿ. ಆಮೇಲೆ, “ಜಾಡಿಯಲ್ಲಿ ಇನ್ನೂ ಗಡ್ಡೆ ಉಳಿದಿದೆ. ಕಂದು ಭಾಗದಿಂದ ಇನ್ನಷ್ಟು ತುಂಡು ತೆಗೆಯಲಾ?” ಎಂದು ಕೇಳಿದಿರಿ.

“ವರದಿ ಹೋಗಿಯಾಯ್ತು. ಬಾಗಿಲು ಮುಚ್ಚಿತು.”

ನಮ್ಮ ಕಪಾಟು ಚಿಕ್ಕದು. ಸಾದಾ ಎಂದು ವರದಿಯಾದ ಜಾಡಿಗಳನ್ನು ಆ ವಾರದ ಶುಕ್ರವಾರವೇ ಖಾಲಿ ಮಾಡಿಸುವ ಪದ್ಧತಿ ಹಾಕಿಕೊಟ್ಟವನು ನಾನೇ. ಶುಕ್ರವಾರ ಕಳೆದರೆ ಆ ಗಡ್ಡೆಯಲ್ಲಿ ಏನಿತ್ತು ಎಂದು ಯಾರೂ ಯಾವತ್ತೂ ಹೇಳಲಾಗುತ್ತಿರಲಿಲ್ಲ. ನಿಮಗೂ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ಬುಧವಾರದ ಸಭೆಯ ಪಟ್ಟಿಯಿಂದ ಆ ಕೇಸನ್ನು ನಾನು ತೆಗೆಸಿದೆ. ಆ ಮೂರು ದಿನ ನಾವಿಬ್ಬರೂ ಒಂದೇ ಕಾರಿಡಾರಿನಲ್ಲಿ ಓಡಾಡಿದೆವು. ಕಪಾಟಿನ ಮುಂದೆ ಹಾದುಹೋಗುವಾಗಲೆಲ್ಲ ನನ್ನ ಕಣ್ಣು ಎರಡನೇ ಹಲಗೆಯ ಮೇಲಿನ ಆ ಜಾಡಿಗೆ ಹೋಗುತ್ತಿತ್ತು. ಇದನ್ನು ಯಾರಿಗೂ ಹೇಳಿಲ್ಲ: ಗುರುವಾರ ಬೆಳಿಗ್ಗೆ ಅದರ ಮುಚ್ಚಳದ ಮೇಲೆ ಕೈ ಕೂಡ ಇಟ್ಟಿದ್ದೆ. ತೆಗೆದರೆ ನಾನು ಅನುಮಾನಪಟ್ಟ ಹಾಗಾಗುತ್ತದೆ ಅನ್ನಿಸಿ ಕೈ ಹಿಂದೆ ತೆಗೆದುಕೊಂಡೆ. ಅಂದರೆ ಅನುಮಾನ ಇರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ. ಅನುಮಾನ ಇತ್ತು. ಅದಕ್ಕಿಂತ ನಾಚಿಕೆ ದೊಡ್ಡದಾಗಿತ್ತು.

ಅದೇ ಗುರುವಾರ ಮಧ್ಯಾಹ್ನ ನೀವೂ ಮೇಣದಕ್ಕನೂ ಸೇರಿ ಆ ಜಾಡಿ ತೆಗೆದಿರಿ. ನನ್ನ ಸಹಿ ಇಲ್ಲದೆ ಒಂಬತ್ತು ತುಂಡು ತೆಗೆದು, ಆರರಿಂದ ಹದಿನಾಲ್ಕರವರೆಗೆ ನಂಬರು ಹಾಕಿ, ತುಂಡುಗಳನ್ನು ಮೇಣಕ್ಕೆ ಹದ ಮಾಡುವ ಮೆಷಿನ್ನಿಗೆ ಸೇರಿಸಿದಿರಿ. ಶನಿವಾರ ನನ್ನ ಮೇಜಿನ ಮೇಲೆ ಒಂದು ತಟ್ಟೆ, ಅದರ ಜೊತೆ ನಿಮ್ಮ ದುಂಡು ಅಕ್ಷರದ ಚೀಟಿ: “ಹನ್ನೊಂದನೆಯದನ್ನು ದಯವಿಟ್ಟು ನೋಡಿ.”

ನೋಡಲಿಲ್ಲ. ಮೊದಲು ಮೇಣದಕ್ಕನನ್ನು ಕರೆಸಿ ಕೂಗಾಡಿದೆ. ಅವಳು ಕೈಕಟ್ಟಿ ನಿಂತು, “ಜಾಡಿ ನಾನೇ ತೆಗೆದದ್ದು ಸಾರ್, ಅವರ ತಪ್ಪಿಲ್ಲ” ಎಂದಳು. ಅಪ್ಪಣೆಯಿಲ್ಲದೆ ಅಂಗಾಂಶ ಮುಟ್ಟಿದ್ದಕ್ಕೆ ಕಾರಣ ಕೇಳಿ ಅವಳ ಹೆಸರಿಗೆ ಒಂದು ಮೆಮೊ ಬರೆದೆ. ನಿಮಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದು. ಆ ಮೆಮೊ ಅವಳ ಫೈಲಿಗೆ ಸೇರಿತು. ಅದರಿಂದ ಅವಳ ಬಡ್ತಿ ಒಂದು ವರ್ಷ ಹಿಂದೆ ಬಿತ್ತು. ನೀವು ನೊಂದುಕೊಳ್ಳುತ್ತೀರಿ ಅಂತ ನಿಮಗೆ ಹೇಳಲಿಲ್ಲವೆಂದು ಈಚೆಗೆ ಅವಳೇ ಹೇಳಿದಳು.

ಸೋಮವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ಬಾಗಿಲು ಹಾಕಿಕೊಂಡು ಹನ್ನೊಂದನೆಯ ಸ್ಲೈಡ್ ಇಟ್ಟೆ. ಮೊದಲು ಕಂಡದ್ದು ಸತ್ತ ಅಂಗಾಂಶದ ಒಂದು ತೇಪೆ, ಗುಲಾಬಿ ಪುಡಿಯ ಹಾಗೆ. ಅದು ಮೂರನೆಯ ಲಕ್ಷಣ. ಅದೊಂದೇ ಸಾಕಿತ್ತು. ಸ್ಲೈಡನ್ನು ಇನ್ನೂ ಸ್ವಲ್ಪ ಸರಿಸಿದೆ. ಒಂದು ರಕ್ತನಾಳ, ಗೋಡೆಯ ಸ್ನಾಯು ಉಂಗುರದ ಹಾಗೆ ಸ್ಪಷ್ಟವಾಗಿತ್ತು. ಉಂಗುರದೊಳಗೆ ಗಡ್ಡೆ. ಕೊಯ್ಯುವಾಗ ಚಾಕು ತಳ್ಳಿದ ಪುಡಿ ಇರಬಹುದು ಅಂತ ಕೊನೆಯ ಸಲ ಆಸೆಪಟ್ಟೆ. ಪುಡಿಯಾಗಿದ್ದರೆ ಬಿಡಿಬಿಡಿಯಾಗಿ ತೇಲುತ್ತಿತ್ತು. ಇದು ನಾಳದ ಗೋಡೆಗೆ ಅಂಟಿಕೊಂಡು, ಮೇಲೊಂದು ತೆಳು ಹೊದಿಕೆಯನ್ನೂ ಹೊದ್ದುಕೊಂಡು, ಅಲ್ಲೇ ಮನೆ ಮಾಡಿಕೊಂಡಿತ್ತು. ರಕ್ತದ ದಾರಿ ಹಿಡಿದುಬಿಟ್ಟಿತ್ತು.

ಆಮೇಲೆ ನನ್ನ ಹಳೆಯ ಐದು ಸ್ಲೈಡುಗಳನ್ನು ತೆಗೆದು, ನೀವು ಎಣಿಸಿದ ಜಾಗದಲ್ಲಿ ಎಣಿಸಿದೆ. ನನಗೆ ಎಂಟು ಸಿಕ್ಕವು. ಅವು ಅಲ್ಲೇ ಇದ್ದವು, ಶನಿವಾರವೂ ಅಲ್ಲೇ ಇದ್ದವು. ನನ್ನ ಕಣ್ಣು ಅವುಗಳ ಮೇಲೆ ಹಾದುಹೋಗಿತ್ತು. ಬೆವರಿಗೆ ಮೈಕ್ರೊಸ್ಕೋಪಿನ ಕಣ್ಣಿಡುವ ಮಸೂರ ಮಸುಕಾಗಿ ಎರಡು ಸಲ ಒರೆಸಬೇಕಾಯಿತು.

ಸರ್ಜನ್‌ಗೆ ಫೋನ್ ಮಾಡಿದೆ. ಆತ, “ಅವನನ್ನ ಬುಧವಾರವೇ ಮನೆಗೆ ಕಳಿಸಿದೆ. ಒಂದು ತಿಂಗಳು ಬಿಟ್ಟು ಬಾ, ಆಮೇಲೆ ನನ್ನ ಮುಖ ನೋಡಬೇಕಾಗಿಲ್ಲ ಅಂದುಬಿಟ್ಟಿದ್ದೆ. ನಾನೇ ಕರೆಸಿ ಹೇಳ್ತೀನಿ” ಎಂದ. ಬೇಡ ಎಂದೆ. ಏನೂ ಇಲ್ಲ ಅಂತ ಹೇಳಿದ ಬಾಯಿಯೇ ಇದನ್ನೂ ಹೇಳಬೇಕು. ಆ ವಾರ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು.

ಮಂಗಳವಾರ ಬೆಳಿಗ್ಗೆ ಹೋದೆ. ಮನೆಯಲ್ಲಿ ಇರುತ್ತಾನೆ ಅಂದುಕೊಂಡರೆ ಅಂಗಡಿ ತೆರೆದಿತ್ತು. ಹನ್ನೆರಡು ದಿನದ ಹೊಲಿಗೆಯ ಮೇಲೆ ಸಡಿಲ ಅಂಗಿ ಹಾಕಿ ಎತ್ತರದ ಸ್ಟೂಲಿನ ಮೇಲೆ ಕೂತಿದ್ದ. ಹೆಂಡತಿ ನೆಲ ಗುಡಿಸುತ್ತಿದ್ದಳು. “ಕೆಲಸ ಮಾಡಲ್ಲ, ಸುಮ್ನೆ ಕೂತಿರ್ತೀನಿ ಅಂತ ಆಣೆ ಮಾಡಿ ಬಂದಿದ್ದಾರೆ, ನೋಡಿ ಡಾಕ್ಟ್ರೇ” ಎಂದು ಅವಳು ದೂರು ಹೇಳಿದಳು. ನನ್ನನ್ನು ನೋಡಿ ಅವನಿಗೆ ಎಷ್ಟು ಖುಷಿಯಾಯಿತೆಂದರೆ ಬಾಯಿ ತೆರೆಯಲು ಅವಕಾಶವನ್ನೇ ಕೊಡಲಿಲ್ಲ. ಕುರ್ಚಿಗೆ ಕೂರಿಸಿ ಬಟ್ಟೆ ಹೊದಿಸಿ, “ಬೋಣಿ ನಿಮ್ಮದೇ ಆಗಲಿ. ಗಡ್ಡ ಒಂದೇ, ಕೂತೇ ಮಾಡ್ತೀನಿ” ಎಂದು ನೊರೆ ಹಚ್ಚಿಬಿಟ್ಟ.

ಆ ಕುರ್ಚಿಯಲ್ಲಿ ನಾನು ಕೂತ ಹತ್ತು ನಿಮಿಷವನ್ನು ನಿಮಗೆ ಹೇಗೆ ಹೇಳಲಿ. ಕನ್ನಡಿಯಲ್ಲಿ ಅವನ ಮುಖದ ದುಂಡು ಆ ಹನ್ನೆರಡು ದಿನದಲ್ಲೇ ಇಳಿದಂತೆ ಕಾಣುತ್ತಿತ್ತು. ಬಲಗೆನ್ನೆ ಮುಗಿಸಿದ. ಗಂಟಲಿನ ಮೇಲೆ ಕತ್ತಿ ಇಟ್ಟಾಗ ನಾನು ಉಸಿರು ಹಿಡಿದದ್ದು ಅವನಿಗೆ ಹೆದರಿ ಅಲ್ಲ, ನಾನು ಅಲುಗಿ ಕತ್ತಿ ತಾಗಿದರೆ ಅವನ ಮನಸ್ಸಿಗೆ ಬೇಸರವಾದೀತು ಅಂತ. ಅವನು ಕತ್ತಿ ಒರೆಸಲು ತಿರುಗಿದಾಗ ಹೇಳಿದೆ.

“ನಾನು ಅವತ್ತು ಹೇಳಿದ್ದು ತಪ್ಪು. ಅದು ಸಾದಾ ಗಡ್ಡೆ ಅಲ್ಲ.”

ಪೊರಕೆಯ ಸದ್ದು ನಿಂತಿತು. ಅವನು ಕತ್ತಿಯನ್ನು ಒರೆಸುತ್ತಲೇ ಇದ್ದ, ಒರೆಸಿದ್ದನ್ನೇ ಮತ್ತೆ ಒರೆಸಿದ.

“ಅಂದರೆ ಅದೇನಾ?”

“ಅದೇ. ಕ್ಯಾನ್ಸರ್.”

“ಅವತ್ತು ನಮಗೆ ಸುಳ್ಳು ಹೇಳಿದ್ರಾ?” ಅಂತ ಕೇಳಿದವಳು ಹೆಂಡತಿ. ಕೂಗಲಿಲ್ಲ, ಬಹಳ ಮೆತ್ತಗೆ ಕೇಳಿದಳು.

“ಸುಳ್ಳಲ್ಲಮ್ಮ. ತಪ್ಪಾಗಿ ನೋಡಿದ್ದೆ. ಪೂರ್ತಿ ತೆಗೆದಾಗಿದೆ, ಈಗ ಎಲ್ಲೂ ಕಾಣ್ತಿಲ್ಲ. ಆದರೆ ಮತ್ತೆ ಬರುವ ಸಾಧ್ಯತೆ ಇದೆ. ಮಾತ್ರೆ ಶುರು ಮಾಡಬೇಕು, ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಆಗಬೇಕು. ಇವತ್ತೇ ಸರ್ಜನ್ ಹತ್ತಿರ ಹೋಗಬೇಕು.”

ಎದ್ದು ನಿಲ್ಲಲು ಹೋದೆ. ಅವನು ನನ್ನ ಭುಜದ ಮೇಲೆ ಕೈ ಇಟ್ಟು ಕೂರಿಸಿದ. “ಅರ್ಧ ಮುಖ ಬಿಟ್ಟು ಹೇಗೆ ಕಳಿಸಲಿ” ಎಂದು ಎಡಗೆನ್ನೆ ಶುರು ಮಾಡಿದ. ಒಂದು ಗೀರೂ ಬೀಳಲಿಲ್ಲ. ಮುಗಿದ ಮೇಲೆ ಬಟ್ಟೆ ಕೊಡವಿ ಮಡಚಿ, ಹೆಂಡತಿಗೆ “ಬಾಗಿಲು ಹಾಕು, ಹೋಗೋಣ” ಅಂದ.

ಮಾರನೇ ದಿನ ಬುಧವಾರದ ಸಭೆ. ನಿಮಗೆ ಗೊತ್ತಿರುವ ಭಾಗ ಇದು. ಆದರೆ ನಾನು ಕೂತ ಕಡೆಯಿಂದ ಅದು ಹೇಗಿತ್ತು ಎಂದು ನಿಮಗೆ ಗೊತ್ತಿಲ್ಲ. ಸರ್ಜನ್ ಎದ್ದು ನಿಂತು, “ತಾವೇ ಕೊಟ್ಟ ವರದಿಯನ್ನು ತಾವೇ ಅನುಮಾನಿಸಿ, ಜಾಡಿಯಿಂದ ಮತ್ತೆ ತುಂಡು ತೆಗೆಸಿ ನೋಡೋ ಸೀನಿಯರ್ ಎಷ್ಟು ಜನ ಇದ್ದಾರೆ? ಈ ವಯಸ್ಸಿನಲ್ಲೂ ಆ ಕಣ್ಣು ನೋಡಿ” ಅಂದ. ಜನ ಚಪ್ಪಾಳೆ ತಟ್ಟಿದರು. ಆತನಿಗೆ ಹಾಗೆ ತಿಳಿಯಲು ಕಾರಣ ನನ್ನ ತಿದ್ದಿದ ವರದಿ. ಅದರಲ್ಲಿ ನಾನು ಬರೆದದ್ದು, “ಹೆಚ್ಚುವರಿ ತುಂಡುಗಳನ್ನು ತೆಗೆದು ನಾನು ಮರುಪರಿಶೀಲಿಸಿದಾಗ.” ಆ ಒಂದು ‘ನಾನು’ ಬರೆಯುವಾಗ ಪೆನ್ನು ನಿಂತಿತ್ತು ಎಂದು ಹೇಳಿದರೆ ನೀವು ನಂಬುತ್ತೀರೋ ಇಲ್ಲವೋ. ನಿಂತಿತ್ತು, ಆಮೇಲೆ ಮುಂದುವರಿಯಿತು.

ನೀವು ಮೂರನೇ ಸಾಲಿನಲ್ಲಿದ್ದಿರಿ. ನನ್ನನ್ನೇ ನೋಡಿದಿರಿ. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ, ನೀವು ಕಾಯುತ್ತಿದ್ದಿರಿ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಕಾಯುತ್ತಿದ್ದಿರಿ. ನಾನು ಕನ್ನಡಕ ತೆಗೆದು ಒರೆಸಿ, ಮುಂದಿನ ಕೇಸಿನ ಹಾಳೆ ತಿರುವಿದೆ. ಎರಡು ತಿಂಗಳ ನಂತರ ನೀವು ರಾಜೀನಾಮೆ ಕೊಟ್ಟಿರಿ. ಕಾರಣ ಅಂತ ಕೇಳುವ ಜಾಗದಲ್ಲಿ ‘ವೈಯಕ್ತಿಕ’ ಎಂದಿತ್ತು. ಅದಕ್ಕೆ ಸಹಿ ಹಾಕಿದವನೂ ನಾನೇ. ಒಂದು ಮಾತು ಕೇಳಲಿಲ್ಲ. ನೀವು ಹೊರಟ ದಿನ ಬೇಕಂತಲೇ ಏನೋ ಕೆಲಸದ ನೆಪ ಮಾಡಿಕೊಂಡು ಇನ್ನೊಂದು ಆಸ್ಪತ್ರೆಗೆ ಹೋಗಿದ್ದೆ.

ಇನ್ನು ಅವನ ಕಥೆ. ಆ ಮಾತ್ರೆಗಳು ಅವನನ್ನು ಹಿಂಡಿಹಾಕಿದವು. ವಾಂತಿ, ತಲೆಸುತ್ತು, ಎಂಟು ತಿಂಗಳು ಕತ್ತಿ ಹಿಡಿಯಲಿಲ್ಲ. ಹೆಂಡತಿ ಒಬ್ಬ ಕೆಲಸಗಾರನನ್ನು ಇಟ್ಟುಕೊಂಡು ಅಂಗಡಿ ನಡೆಸಿದಳು. ಐದನೇ ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದ ಅಂಚಿನಲ್ಲಿ ಕಡಲೆಕಾಳಿನಷ್ಟು ಒಂದು ಚುಕ್ಕೆ ಕಂಡಿತು. ಒಂದೇ ಒಂದು. ತಕ್ಷಣ ತೆಗೆದರು. ಆ ತುಂಡೂ ನಮ್ಮ ವಿಭಾಗಕ್ಕೇ ಬಂತು, ಈ ಸಲ ನಾನು ಮುಟ್ಟಲಿಲ್ಲ, ಇಬ್ಬರು ಬೇರೆಯವರಿಗೆ ಕೊಟ್ಟೆ. ಅದೇ ಗಡ್ಡೆಯ ಬೀಜ. ಸಾದಾ ಎಂಬ ನನ್ನ ವರದಿಯೇ ಉಳಿದಿದ್ದರೆ ಅವನನ್ನು ಯಾರೂ ಸ್ಕ್ಯಾನಿಗೆ ಕಳಿಸುತ್ತಿರಲಿಲ್ಲ. ಉಸಿರು ಕಟ್ಟಿಕೊಂಡು ತಾನಾಗಿ ಬರುವ ಹೊತ್ತಿಗೆ ಒಂದು ಹೋಗಿ ಇಪ್ಪತ್ತಾಗಿರುತ್ತಿತ್ತು. ಆಮೇಲೆ ಇಲ್ಲಿಯವರೆಗೆ, ನಾಲ್ಕು ವರ್ಷ ಒಂಬತ್ತು ತಿಂಗಳು, ಏನೂ ಕಂಡಿಲ್ಲ.

ನಾನು ನಿವೃತ್ತನಾಗಿ ವರ್ಷವಾಯಿತು. ಈಗಲೂ ಅವನ ಹತ್ತಿರವೇ ಹೋಗುತ್ತೇನೆ. ಹೋದ ತಿಂಗಳು ಬೆಂಚಿನ ಮೇಲೆ ಒಬ್ಬ ಹೊಸ ಗಿರಾಕಿ ಕೂತಿದ್ದ, ಯಾವುದೋ ಸ್ಕ್ಯಾನಿನ ಲಕೋಟೆ ಮಡಿಲಲ್ಲಿಟ್ಟುಕೊಂಡು. ಅವನ ಭಯ ನೋಡಿ ನಮ್ಮವನು ನನ್ನ ಕಡೆ ಬಾಚಣಿಗೆ ತೋರಿಸಿ ಹೇಳಿದ: “ಇವರನ್ನ ನೋಡಿ. ಎಲ್ಲ ಮುಗೀತು ಅಂದ ಮೇಲೂ ಇವರ ಮನಸ್ಸು ಒಪ್ಪಲಿಲ್ಲ, ಮತ್ತೆ ಹೋಗಿ ನೋಡಿದರು. ನಾನು ಇವತ್ತು ನಿಂತಿರೋದು ಇವರಿಂದ.”

ಇಂಥ ಮಾತನ್ನು ಅವನು ಮೊದಲೂ ಆಡಿದ್ದ, ನಾನು ಕೈ ಅಲ್ಲಾಡಿಸಿ ಸುಮ್ಮನಾಗಿದ್ದೆ. ಅವತ್ತು ಸುಮ್ಮನಿರಲು ಆಗಲಿಲ್ಲ. ಲಕೋಟೆ ಹಿಡಿದ ಆ ಮನುಷ್ಯ ನನ್ನನ್ನು ದೇವರನ್ನು ನೋಡುವ ಹಾಗೆ ನೋಡಿದ. ಅವನು ಹೋಗುವವರೆಗೆ ಕಾದು, ಬಟ್ಟೆ ಹೊದ್ದುಕೊಂಡೇ ಎಲ್ಲವನ್ನೂ ಹೇಳಿದೆ. ಏಳು ಅಂದದ್ದು ಯಾರು, ಗೋಡೆಯ ಮೇಲೂ ಕ್ಯಾನ್ಸರ್ ಸಿಗುತ್ತದೆ ಅಂದದ್ದು ಯಾರು, ಜಾಡಿ ತೆಗೆದದ್ದು ಯಾರು, ಚಪ್ಪಾಳೆ ತೆಗೆದುಕೊಂಡದ್ದು ಯಾರು.

ಅವನು ಕತ್ತರಿ ನಿಲ್ಲಿಸಲಿಲ್ಲ. ಕಿವಿಯ ಸುತ್ತ ಕತ್ತರಿಸುತ್ತಲೇ, “ಆರು ವರ್ಷ ಇದೇ ಕುರ್ಚಿ ಮೇಲೆ ಕೂತಿದ್ರಲ್ಲ ಡಾಕ್ಟ್ರೇ” ಎಂದ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಕೇಳಿದ: “ಅವರು ಈಗ ಎಲ್ಲಿದ್ದಾರೆ?”

“ಗೊತ್ತಿಲ್ಲ.”

“ಗೊತ್ತು ಮಾಡ್ಕೊಳ್ಳಿ.” ಗಿರಾಕಿಗೆ ಹೇಳುವ ಧ್ವನಿಯಲ್ಲ ಅದು. ತಲೆ ಮುಗಿಸಿ, ಪ್ರತಿಸಲ ಮಾಡುವ ಹಾಗೆ ಹಿಂದಿನಿಂದ ಚಿಕ್ಕ ಕನ್ನಡಿ ಹಿಡಿದು ತೋರಿಸದೆ, ಬಟ್ಟೆ ತೆಗೆದುಬಿಟ್ಟ.

ಮರುದಿನ ಆಸ್ಪತ್ರೆಗೆ ಹೋದೆ. ಈಗ ವಿಭಾಗ ನೋಡಿಕೊಳ್ಳುತ್ತಿರುವವನು ಅವತ್ತು ನನ್ನ ಕೋಣೆಯಲ್ಲಿ ನಕ್ಕವನೇ. ಹಳೇ ವರದಿಗೆ ಟಿಪ್ಪಣಿ ಸೇರಿಸಬೇಕು ಎಂದೆ. “ಈಗ ಯಾಕೆ ಸಾರ್, ರೋಗಿಗೆ ಇದರಿಂದ ಏನೂ ವ್ಯತ್ಯಾಸ ಆಗಲ್ಲವಲ್ಲ” ಅಂದ. ರೋಗಿಗೆ ಆಗುವುದಿಲ್ಲ, ಆ ಸ್ಲೈಡನ್ನು ಸರಿಯಾಗಿ ಓದಿದವಳಿಗೆ ಆಗುತ್ತದೆ ಎಂದೆ. ಆ ನಗು ಅವನಿಗೂ ನೆನಪಿತ್ತು ಅಂತ ಕಾಣುತ್ತದೆ. ಮುಂದೆ ವಾದ ಮಾಡಲಿಲ್ಲ. ಟಿಪ್ಪಣಿಯ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಹೆಚ್ಚುವರಿ ತುಂಡುಗಳನ್ನು ಮುಖ್ಯಸ್ಥರ ಮಾತಿಗೆ ವಿರುದ್ಧವಾಗಿ ನೀವು ತೆಗೆದಿರಿ, ನಿಮ್ಮ ಎಣಿಕೆ ಸರಿಯಿತ್ತು, ಕ್ಯಾನ್ಸರ್ ಎಂದು ಗುರುತಿಸಿದವರು ನೀವು ಎಂದು ಅದರಲ್ಲಿದೆ. ನಿಮ್ಮ ಪೂರ್ತಿ ಹೆಸರು ಇದೆ. ಸರ್ಜನ್‌ಗೂ ಒಂದು ಪ್ರತಿ ಕೊಟ್ಟೆ. ಆತ ಓದಿ, ಮೇಜಿನ ಮೇಲಿಟ್ಟು, “ನನ್ನ ಚಪ್ಪಾಳೆ ವಾಪಸ್ ಕೊಡಿ” ಎಂದ. ತಮಾಷೆಗೆ ಅಂದನೋ ಇಲ್ಲವೋ ಮುಖ ನೋಡಿ ತಿಳಿಯಲಿಲ್ಲ.

ಆಮೇಲೆ ಮೇಣದಕ್ಕನ ಮನೆ ಹುಡುಕಿಕೊಂಡು ಹೋದೆ. ಮೆಮೊ ವಾಪಸ್ ಪಡೆದ ಪತ್ರವನ್ನೂ ವಿಭಾಗದಿಂದ ಬರೆಸಿಕೊಂಡಿದ್ದೆ, ಅದನ್ನು ಕೈಗೆ ಕೊಟ್ಟೆ. ಕನ್ನಡಕ ಹುಡುಕಿ, ಹಾಕಿಕೊಂಡು, ಎರಡು ಸಲ ಓದಿದಳು. “ಇದನ್ನ ಕೊಡೋಕೆ ನಾನು ಕೆಲಸ ಬಿಡೋವರೆಗೂ ಕಾದ್ರಾ ಸಾರ್” ಎಂದು ಅದನ್ನು ಅಡುಗೆಮನೆಯ ಡಬ್ಬಿಯ ಕೆಳಗೆ ಸಿಕ್ಕಿಸಿದಳು. ನಿಮ್ಮ ವಿಳಾಸ ಕೇಳಿದೆ. ನೋಡಿಕೊಳ್ಳದೆ ಬಾಯಿಪಾಠ ಹೇಳಿದಳು. ಇಷ್ಟು ವರ್ಷ ನಿಮ್ಮಿಬ್ಬರ ನಡುವೆ ಮಾತುಕತೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. “ಕೇಳಿದ್ದರೆ ಯಾವತ್ತೋ ಕೊಡ್ತಿದ್ದೆ. ನೀವು ಕೇಳಲಿಲ್ಲ” ಎಂದಳು. ನೀವು ಈಗ ಸಣ್ಣ ಲ್ಯಾಬೊಂದನ್ನು ನಡೆಸುತ್ತಿದ್ದೀರಿ, ಕಲಿಯಲು ಬಂದವರನ್ನು ಒಂದು ಸಲವೂ ಗದರಿಸುವುದಿಲ್ಲ ಅಂತಲೂ ಅವಳೇ ಹೇಳಿದ್ದು.

ನೀವು ಉತ್ತರ ಬರೆಯಲೇಬೇಕಾಗಿಲ್ಲ. ಕ್ಷಮಿಸಿದೆ ಎಂಬ ಮಾತನ್ನು ನಿಮ್ಮಿಂದ ಹೊರಡಿಸಲಿಕ್ಕೆ ಇದನ್ನು ಬರೆದೆ ಅಂತ ದಯವಿಟ್ಟು ತಿಳಿಯಬೇಡಿ. ಆ ಶನಿವಾರ ನನ್ನ ಕಣ್ಣು ಮೋಸಹೋಗಿತ್ತು, ಅದು ಯಾರಿಗಾದರೂ ಆಗಬಹುದು. ಚಪ್ಪಾಳೆಯ ಆ ಬುಧವಾರ ಮಾತ್ರ ನನ್ನ ಕಣ್ಣಿಗೆ ಎಲ್ಲವೂ ಸರಿಯಾಗಿ ಕಂಡಿತ್ತು. ಮೂರನೇ ಸಾಲೂ ಕಂಡಿತ್ತು. ಅದಕ್ಕೆ ನನ್ನ ಹತ್ತಿರ ಯಾವ ವಿವರಣೆಯೂ ಇಲ್ಲ. ತಪ್ಪಾಯಿತು.

ನಿನ್ನೆ ಅವನ ಅಂಗಡಿಗೆ ಹೋಗಿ, ವಿಳಾಸ ಸಿಕ್ಕಿತು, ಕಾಗದ ಬರೆಯುತ್ತಿದ್ದೇನೆ, ಏನಾದರೂ ತಿಳಿಸಬೇಕಾ ಅಂತ ಕೇಳಿದೆ. ಬಹಳ ಯೋಚನೆ ಮಾಡಿದ. ಹೆಂಡತಿ ಒಳಗಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಅವನು ಹೇಳಿದ: “ಏನೂ ಬೇಡ. ನಾನು ಇದ್ದೀನಿ ಅಂತ ಬರೀರಿ.”

ಅವನು ಇದ್ದಾನೆ.

ನಿಮ್ಮ ಮನೆ ತಣ್ಣಗಿರಲಿ, ತಾಯಿಯವರ ಕಣ್ಣು ಚೆನ್ನಾಗಿರಲಿ. ನೀವು ಕಂಡದ್ದನ್ನು ಕಂಡ ಹಾಗೆ ಹೇಳುವಾಗ ಎದುರಿಗೆ ನನ್ನಂಥವರು ಯಾರೂ ಇಲ್ಲದಿರಲಿ. ಇದ್ದರೂ ನಿಮ್ಮ ಮಾತೇ ನಿಲ್ಲಲಿ.

ಇಂತು,
ಒಂದು ಕಾಲಕ್ಕೆ ನಿಮ್ಮ ಮುಖ್ಯಸ್ಥನಾಗಿದ್ದವನು